ಒಂದು ಗೇಣಿನ ಪರದೆ

ನನಗೆ ಬಾಯಿ ಮುಚ್ಚಿಕೊಂಡು ಓದಲು ಬರುವುದಿಲ್ಲ. ದನಿ ಹೊರಡುವುದಿಲ್ಲ ನಿಜ, ಆದರೆ ತುಟಿಗಳು ಮಾತ್ರ ಅಕ್ಷರದ ಬೆನ್ನಿಗೇ ಆಡುತ್ತಿರುತ್ತವೆ. ಬಸ್ಸಿನ ಬೋರ್ಡು ಓದಿದರೂ ಅಷ್ಟೆ, ಮಾತ್ರೆಯ ಹಾಳೆಯ ಹಿಂಬದಿ ಓದಿದರೂ ಅಷ್ಟೆ. ಎದುರಿಗೆ ಕುಳಿತವರು ಎಷ್ಟೋ ಸಲ "ಏನಂದ್ರಿ?" ಎಂದು ಕೇಳಿದ್ದಾರೆ, ಏನೂ ಅನ್ನಲಿಲ್ಲ ಎಂದರೆ ನಂಬಿಲ್ಲ. ಇದು ಹುಟ್ಟುಗುಣವಲ್ಲ, ಕಸುಬು ಅಂಟಿಸಿದ್ದು. ಹುಣಸೂರಿನಲ್ಲಿ ನನ್ನದೊಂದು ಚಿಕ್ಕ ಪ್ರೆಸ್ಸು ಇದೆ. ಮದುವೆ ಕಾರ್ಡು, ನಾಮಕರಣದ ಕಾರ್ಡು, ತಿಥಿ ಕಾರ್ಡು, ಅಂಗಡಿಯವರ ಬಿಲ್ ಪುಸ್ತಕ, ಇವು ನನ್ನ ಸಾಹಿತ್ಯ. ಮದುವೆ ಕಾರ್ಡಿನ ಪ್ರೂಫನ್ನು ಬರೀ ಕಣ್ಣಿನಲ್ಲಿ ಓದಿದರೆ ಸಾಲದು. ಹುಡುಗಿಯ ಸೋದರಮಾವನ ಹೆಸರು ಬಿಟ್ಟುಹೋದರೆ ಆತ ಮದುವೆಗೆ ಬರುವುದಿಲ್ಲ. ಬಂದರೂ ಊಟಕ್ಕೆ ಕೂರುವುದಿಲ್ಲ. ಊಟಕ್ಕೆ ಕೂತರೂ ಮುಂದಿನ ಮೂರು ಮದುವೆಗಳಲ್ಲಿ ಅದೇ ಮಾತು ಎತ್ತುತ್ತಾನೆ. ಆದ್ದರಿಂದ ಪ್ರತಿ ಹೆಸರನ್ನೂ ತುಟಿಯ ಮೇಲೆ ಹಾಯಿಸಿಯೇ ಮುಂದಕ್ಕೆ ಬಿಡುವುದು ನನ್ನ ಅಭ್ಯಾಸ.

ಇಂಥ ನಾನು ಗುಟ್ಟು ಕಾಯುವ ಕೆಲಸಕ್ಕೆ ಬಿದ್ದದ್ದೇ ತಮಾಷೆ. ಕಬಿನಿ ಕಡೆಯ ಯಾವುದೋ ರೆಸಾರ್ಟಿನವರು ಒಬ್ಬರು ಒಂದು ಹಾಳೆ ಕೊಟ್ಟು, ರಾಶಿ ಪ್ರತಿ ಅಚ್ಚು ಹಾಕಿಸಲು ಹೇಳಿ ಹೋದರು. ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಯಾರೂ ಒಯ್ಯದ ಕಟ್ಟುಗಳು ಪ್ರೆಸ್ಸಿನವರಿಗೆ ಹೊಸದಲ್ಲ. ನಿಂತುಹೋದ ಮದುವೆಗಳ ಕಾರ್ಡುಗಳು ನನ್ನ ಅಟ್ಟದ ತುಂಬ ಇವೆ. ಆದರೆ ಈ ಹಾಳೆ ವಿಚಿತ್ರವಾಗಿತ್ತು. ಬಲ, ಚುರುಕು, ತಾಳಿಕೆ, ಬುದ್ಧಿ, ವಿವೇಕ, ವರ್ಚಸ್ಸು ಎಂದು ಇಂಗ್ಲಿಷಿನಲ್ಲಿ ಬರೆದು, ಒಂದೊಂದರ ಮುಂದೆಯೂ ಅಂಕ ತುಂಬಲು ಖಾಲಿ ಚೌಕ. ವರ್ಚಸ್ಸಿಗೆ ಅಂಕ ಕೊಡುವ ಇಲಾಖೆ ನಮ್ಮ ತಾಲ್ಲೂಕು ಕಚೇರಿಯಲ್ಲಿ ಇರಲಿಲ್ಲ. ಕುತೂಹಲ ತಡೆಯಲಾರದೆ ಮೊಬೈಲಿನಲ್ಲಿ ಹುಡುಕಿದೆ. ಹುಡುಕಿದವಳು ಅಲ್ಲೇ ಸಿಕ್ಕಿಬಿದ್ದೆ.

ಅದೊಂದು ಆಟದ ಹಾಳೆ. ಕೆಲವರು ಮೇಜಿನ ಸುತ್ತ ಕೂರುತ್ತಾರೆ. ಒಬ್ಬರು ಕತ್ತಿವೀರ, ಒಬ್ಬರು ಮಂತ್ರವಾದಿ, ಒಬ್ಬರು ಕಳ್ಳಿ ಎಂದು ವೇಷ ಹಂಚಿಕೊಳ್ಳುತ್ತಾರೆ. ಬಣ್ಣವಿಲ್ಲ, ಕಿರೀಟವಿಲ್ಲ, ಬಾಯಿಮಾತಿನ ವೇಷ. ಇನ್ನೊಬ್ಬರು ಗೇಮ್ ಮಾಸ್ಟರ್. ಗುಹೆ, ಗುಹೆಯೊಳಗಿನ ರಾಕ್ಷಸ, ರಾಕ್ಷಸ ಕಾಯುವ ನಿಧಿ ಎಲ್ಲವೂ ಅವರ ವಶದಲ್ಲಿ. "ಎದುರಿಗೆ ಬಾಗಿಲಿದೆ, ಏನು ಮಾಡುತ್ತೀರಿ?" ಎಂದು ಮಾಸ್ಟರ್ ಕೇಳಬೇಕು. ಆಟಗಾರರು ಹೇಳಬೇಕು. ಆಮೇಲೆ ದಾಳ ಬಿದ್ದಂತೆ. ಇದರಲ್ಲಿ ಗೆಲ್ಲುವವರಿಲ್ಲ, ಕತೆ ಮುಂದಕ್ಕೆ ಹೋದರೆ ಸರಿ. ಮದುವೆ ಕಾರ್ಡಿನಲ್ಲಿ ಎಂದೂ ಮುಂದಕ್ಕೆ ಹೋಗದ ಕತೆಯನ್ನೇ ಅಚ್ಚು ಹಾಕಿಕೊಂಡು ಬಂದ ನನಗೆ ಇದು ಬಹಳ ಹಿಡಿಸಿತು.

ನನ್ನ ಗಿರಾಕಿಗಳಲ್ಲೇ ಮೂವರು ಬಲೆಗೆ ಬಿದ್ದರು. ಎಚ್.ಡಿ. ಕೋಟೆಯ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಸುಧಾ ನಮ್ಮ ಕಳ್ಳಿ. ಪಿರಿಯಾಪಟ್ಟಣದ ಹತ್ತಿರ ಹೊಗೆಸೊಪ್ಪು, ಶುಂಠಿ ಬೆಳೆಯುವ ತಮ್ಮಯ್ಯ ಮಂತ್ರವಾದಿ. ಕೆ.ಆರ್. ನಗರದಲ್ಲಿ ಅಕ್ಕಿ ಮಿಲ್ಲು ನಡೆಸುವ ಗುರುಮಲ್ಲಣ್ಣ ಕತ್ತಿವೀರ. ಎತ್ತರದ ಆಳು, ಹಣೆಯ ತುಂಬ ವಿಭೂತಿ, ಮಾತಾಡಿದರೆ ರಸ್ತೆಯವರು ತಿರುಗಿ ನೋಡುವಂಥ ಗಂಟಲು. ಮಿಲ್ಲಿನ ಮಾಲೀಕರಲ್ಲವೇ, ಗತ್ತು ಹಾಗಿರುತ್ತದೆ ಎಂದು ನಾವು ಅಂದುಕೊಂಡಿದ್ದೆವು. ಫೋನು ಮಾಡಿದರೆ ಎಂದೂ ಅವರು ಎತ್ತುತ್ತಿರಲಿಲ್ಲ, ಮಿಲ್ಲಿನ ಲೆಕ್ಕ ಬರೆಯುವ ರೈಟರ್ ಎತ್ತುತ್ತಿದ್ದ. ಅದನ್ನೂ ಗತ್ತಿನ ಲೆಕ್ಕಕ್ಕೇ ಸೇರಿಸಿದ್ದೆವು.

ಪ್ರತಿ ಭಾನುವಾರ ಮಧ್ಯಾಹ್ನ ಮೂರೂ ದಿಕ್ಕಿನ ಬಸ್ಸುಗಳಿಂದ ಮೂವರೂ ಇಳಿದು ಬಂದು, ಕಟಿಂಗ್ ಮೆಷಿನ್ನಿನ ಪಕ್ಕದ ಮೇಜಿಗೆ ಕೂರುತ್ತಿದ್ದರು. ಈ ಆಟಕ್ಕೆ ವಿದೇಶದಲ್ಲಿ ಏನೆಲ್ಲ ಸಾಮಗ್ರಿ ಸಿಗುತ್ತವೆ ಎಂದು ನೋಡಿ ನೋಡಿಯೇ ನಾನು ಹೊಟ್ಟೆ ತುಂಬಿಸಿಕೊಂಡಿದ್ದೆ. ನಾವು ತರಿಸಿದ್ದು ಇಪ್ಪತ್ತು ಮುಖದ ದಾಳ ಮತ್ತು ಅದರ ಅಣ್ಣತಮ್ಮಂದಿರನ್ನು ಮಾತ್ರ. ದಾಳ ಮೇಜಿನಿಂದ ಉರುಳಿ ಯಂತ್ರದ ಕೆಳಗೆ ಸೇರಬಾರದೆಂದು ಗುರುಮಲ್ಲಣ್ಣ ಮಿಲ್ಲಿನಿಂದ ಒಂದು ಮೊರ ತಂದಿಟ್ಟರು. ಗೊಂಬೆಗಳನ್ನು ನಾನು ದಸರಾ ಪೆಟ್ಟಿಗೆಯಿಂದ ಇಳಿಸಿದೆ. ಆಟದಲ್ಲಿ ಬರುವ ಎಲ್ಲ ಊರಿನ ಛತ್ರಗಳನ್ನೂ ಗೊಂಬೆ ಶೆಟ್ಟರು ಶೆಟ್ಟಮ್ಮ ನಡೆಸುತ್ತಿದ್ದರು. ಆನೆಯ ಕಾಲು ಹಿಡಿದಿದ್ದ ಮೊಸಳೆಯನ್ನು ಬಿಡಿಸಿ ತಂದು, ಬೆಂಕಿಯುಗುಳುವ ಹಾರುಸರ್ಪ ಎಂದು ಸಾರಿದೆ. "ರೆಕ್ಕೆ ಎಲ್ಲಕ್ಕ?" ಎಂದು ತಮ್ಮಯ್ಯ ಕೇಳಿದ. ಮಡಚಿಕೊಂಡಿದೆ ಎಂದೆ. ನವರಾತ್ರಿಯಲ್ಲಿ ಇವರೆಲ್ಲ ತಮ್ಮ ತಮ್ಮ ಮೆಟ್ಟಿಲಿಗೆ ಹೋಗಿ ಕೂರಬೇಕಾದ್ದರಿಂದ ಆಟಕ್ಕೆ ರಜೆ.

ಈ ಸಾಮಗ್ರಿಗಳಲ್ಲೆಲ್ಲ ನನ್ನ ಮನಸ್ಸು ಕದ್ದದ್ದು ಪರದೆ. ಗೇಮ್ ಮಾಸ್ಟರ್ ತನ್ನ ಮುಂದೆ ಅಡ್ಡಲಾಗಿ ಒಂದು ಮಡಚುವ ರಟ್ಟು ನಿಲ್ಲಿಸಿಕೊಳ್ಳುತ್ತಾರೆ. ಒಳಬದಿಯಲ್ಲಿ ಯಾವ ಏಟಿಗೆ ಎಷ್ಟು ಗಾಯ, ಯಾವ ದಾಳಕ್ಕೆ ಯಾವ ಫಲ ಎಂಬ ಪಟ್ಟಿ. ಅದರ ಮರೆಯಲ್ಲಿ, ಎಲ್ಲಿ ಏನಿದೆ ಎಂದು ಬರೆದಿಟ್ಟ ಗುಹೆಯ ನಕ್ಷೆ. ರಟ್ಟು ನನ್ನಲ್ಲಿ ಬೇಕಾದಷ್ಟಿತ್ತು. ಸೋದರಮಾವನೊಬ್ಬನ ಹೆಸರು ಬಿಟ್ಟುಹೋಗಿದ್ದ ಮದುವೆಯೊಂದರ ದಪ್ಪ ಕಾರ್ಡುಗಳನ್ನೇ ಅಂಟಿಸಿ ಒಂದು ಗೇಣೆತ್ತರದ ಪರದೆ ಮಾಡಿದೆ. ಹೊರಬದಿಯಲ್ಲಿ ಗಣಪತಿ, ಬಾಳೆಕಂಬ, ಕೆಳಗೆ 'ತಮ್ಮ ಆಗಮನಾಭಿಲಾಷಿಗಳು' ಎಂಬ ಸಾಲು. ಅದರ ಹಿಂದೆ ನಾನು ರಾಕ್ಷಸರನ್ನು ಸಾಲಾಗಿ ಕೂರಿಸಿಕೊಂಡು ಕಾಯುತ್ತಿದ್ದೆ.

ಪರದೆಯ ವಿಷಯದಲ್ಲಿ ನಮ್ಮವರು ಯಾರಿಗೂ ಕಡಿಮೆಯಿಲ್ಲ ಎಂದು ಆಗ ಹೊಳೆಯಿತು. ಗುಡಿಯಲ್ಲಿ ನೈವೇದ್ಯಕ್ಕಿಟ್ಟು ಪೂಜಾರಿ ತೆರೆ ಎಳೆಯುತ್ತಾರೆ. ದೇವರು ಉಣ್ಣುವುದನ್ನು ನೋಡಬಾರದು. ತೆರೆ ಸರಿದಾಗ ಪಾತ್ರೆಯಲ್ಲಿ ಎಲ್ಲವೂ ಇದ್ದಹಾಗೇ ಇರುತ್ತದೆ, ಆದರೂ ಅದೀಗ ಪ್ರಸಾದ. ಮದುವೆಯಲ್ಲಿ ಗಂಡುಹೆಣ್ಣಿನ ನಡುವೆ ಅಂತರಪಟ ಹಿಡಿಯುತ್ತಾರೆ. ಇಬ್ಬರೂ ಆರು ತಿಂಗಳಿಂದ ವಿಡಿಯೊ ಕಾಲಿನಲ್ಲಿ ಮಾತಾಡಿದವರೇ, ಆದರೂ ಅದು ಸರಿಯುವಾಗ ಇಬ್ಬರ ಮುಖದಲ್ಲೂ ಏನೋ ಆಗುತ್ತದೆ. ಪರದೆ ಮುಚ್ಚುವುದಕ್ಕಿಂತ ಹೆಚ್ಚಾಗಿ, ಹಿಂದೆ ಏನೋ ಇದೆ ಎಂದು ತೋರಿಸುತ್ತದೆ. ನನ್ನ ಗುಹೆಗಳಲ್ಲಿ ಅರ್ಧಕ್ಕರ್ಧ ಖಾಲಿ. ರಟ್ಟು ನಿಂತಿರುವವರೆಗೆ ಅದು ಯಾರಿಗೂ ಗೊತ್ತಾಗುವುದಿಲ್ಲ.

ಗುರುಮಲ್ಲಣ್ಣನನ್ನು ಬಿಟ್ಟು. ಅವರಿಗೆ ಎಲ್ಲವೂ ಗೊತ್ತಾಗುತ್ತಿತ್ತು. ಸುಧಾ ಪೆಟ್ಟಿಗೆಗೆ ಕೈ ಹಾಕಹೊರಟರೆ, "ಮುಟ್ಬ್ಯಾಡ ಕಣವ್ವ, ವಿಷದ ಮುಳ್ಳದೆ" ಎನ್ನುತ್ತಿದ್ದರು. ನಾನು ಎರಡು ದಾರಿ ಕೊಟ್ಟರೆ, "ಎಡಕ್ ಓಗವ, ಬಲಕ್ಕೆ ಹಾವದೆ" ಎನ್ನುತ್ತಿದ್ದರು. ಹಾವು ಅಲ್ಲೇ ಇರುತ್ತಿತ್ತು. ಅದನ್ನು ಅವರು ಊಹೆ ಮಾಡಿದವರಂತೆ ಹೇಳುತ್ತಿರಲಿಲ್ಲ, ಇಷ್ಟು ಗೊತ್ತಾಗದೇ ಎನ್ನುವ ಬೇಸರದಲ್ಲಿ ಹೇಳುತ್ತಿದ್ದರು. "ಗುರುಮಲ್ಲಣ್ಣಂಗೆ ಒಳಗಿಂದ ಯಾರೋ ಹೇಳ್ತಾರೆ" ಎಂದು ಸುಧಾ ನಂಬಿದಳು. ನಾನು ಅಷ್ಟು ಒಳ್ಳೆಯವಳಲ್ಲ. ಅವರ ಕಣ್ಣು ಯಾವಾಗಲೂ ನನ್ನ ಕಡೆಗೇ ಇರುವುದನ್ನು ಗಮನಿಸಿದ್ದೆ. ಎತ್ತರದ ಮನುಷ್ಯ, ಪರದೆಯ ಮೇಲಿಂದ ನಕ್ಷೆ ಇಣುಕುತ್ತಾರೆ ಎಂದು ಮನಸ್ಸಿನಲ್ಲೇ ತೀರ್ಪು ಕೊಟ್ಟೆ. ಮಿಲ್ಲಿನ ಮಾಲೀಕರಿಗೆ ಮದುವೆ ಕಾರ್ಡಿನವಳು ಕಳ್ಳ ಎನ್ನಲಾದೀತೇ? ಬಾಯಲ್ಲಿ ಹೇಳಲಾರದ್ದನ್ನು ರಟ್ಟಿನಲ್ಲಿ ಹೇಳೋಣ ಎಂದು ಹೊಸ ಪರದೆಗೆ ಕೈ ಹಾಕಿದೆ.

ಅದು ನನ್ನ ಕಸುಬಿನ ಮೆರವಣಿಗೆ ಎನ್ನಬೇಕು. ಬೈಂಡಿಂಗಿಗೆ ಬಳಸುವ ದಪ್ಪ ರಟ್ಟು, ಮಡಿಕೆಗೆ ಕ್ಯಾಲಿಕೋ ಬಟ್ಟೆ, ಹೊರಗೆ ಬೆಟ್ಟ, ಕೋಟೆ, ಕಾಡಿನ ಬಣ್ಣದ ಚಿತ್ರ, ಮೇಲೆ ಲ್ಯಾಮಿನೇಶನ್. ಕೂತರೆ ನನ್ನ ಕಣ್ಣು ಮಾತ್ರ ಮೇಲೆ ಕಾಣುವಷ್ಟು ಎತ್ತರ. ತಮ್ಮಯ್ಯ ನೋಡಿದವನೇ, "ಇದೇನಕ್ಕ, ಓಟು ಹಾಕೋ ಡಬ್ಬ ಇದ್ದಂಗದೆ!" ಎಂದು ಬೆರಳು ಮುಂದೆ ಚಾಚಿ ಶಾಯಿ ಕೇಳಿದ. ನಾನು ಬೀಗಿದೆ. ಇನ್ನು ಯಾರು ಇಣುಕುತ್ತಾರೋ ಇಣುಕಲಿ.

ಆ ಭಾನುವಾರದಿಂದ ಗುರುಮಲ್ಲಣ್ಣನ ಕತ್ತಿವೀರ ಮಂಕಾದ. ಸೇತುವೆ ಮುರಿದಿದೆ ಎಂದು ನಾನು ಸ್ಪಷ್ಟವಾಗಿ ಹೇಳಿದ ಮೇಲೂ, "ದಾಟ್ತೀನಿ" ಎಂದು ಹೊಳೆಗೆ ಬಿದ್ದ. ಶರಣಾದ ಶತ್ರುವಿಗೆ ಕತ್ತಿ ಎತ್ತಿದ. ಅವರ ಸರದಿ ಬಂದಾಗ ಗುರುಮಲ್ಲಣ್ಣ ಸುಮ್ಮನೆ ಕೂತಿರುತ್ತಿದ್ದರು. ಸುಧಾ ಮೊಣಕೈ ತಿವಿದರೆ ತಟ್ಟನೆ ದಾಳ ಎಸೆಯುತ್ತಿದ್ದರು. ನೋಡಿದಿರಾ, ಇಣುಕುವುದು ನಿಂತಿತು, ಬುದ್ಧಿಯೂ ನಿಂತಿತು ಎಂದು ನಾನು ಒಳಗೊಳಗೇ ಹಿಗ್ಗಿದೆ. ಕೊನೆಗೊಂದು ದಿನ ಇಡೀ ಗುಂಪು ಉಸಿರು ಬಿಗಿಹಿಡಿದು ಮಲಗಿದ ಹಾರುಸರ್ಪದ ಪಕ್ಕದಲ್ಲಿ ನುಸುಳುತ್ತಿತ್ತು. ಮೇಲೆ ಗಂಟೆ ತೂಗುತ್ತಿದೆ, ಸದ್ದು ಮಾಡಿದರೆ ಸಾವು ಎಂದು ನಾನು ಎರಡು ಸಲ ಎಚ್ಚರಿಸಿದ್ದೆ. ಗುರುಮಲ್ಲಣ್ಣ ಗಟ್ಟಿಯಾಗಿ, "ಗಂಟೆ ಹೊಡೀತೀನಿ!" ಎಂದರು. ಸರ್ಪ ಎದ್ದಿತು. ಯಾರೂ ಉಳಿಯಲಿಲ್ಲ.

"ಏನಣ್ಣ, ಗ್ಯಾನ ಎಲ್ ಮಡಗಿದ್ದೀಯ? ಆಡಕ್ಕೆ ಇಷ್ಟ ಇಲ್ದಿದ್ರೆ ಯಾಕೆ ಬಂದು ನಮ್ ಆಟ ಕೆಡುಸ್ತೀಯ?" ಎಂದು ತಮ್ಮಯ್ಯ ಹರಿಹಾಯ್ದ. ಹೊಗೆಸೊಪ್ಪು ಹದಮಾಡುವ ಬ್ಯಾರನ್ನಿನಲ್ಲಿ ಸೊಪ್ಪು ಬೇಯುತ್ತಿದ್ದಾಗ ತಮ್ಮನನ್ನು ಕಾವಲಿಗಿಟ್ಟು ಬಂದವನು, ಅವನ ಸಿಟ್ಟು ನ್ಯಾಯವೇ. ಗುರುಮಲ್ಲಣ್ಣ ಅವನ ಮುಖವನ್ನೇ ನೋಡಿದರು. ಮೊರದಲ್ಲಿದ್ದ ದಾಳಗಳನ್ನೆಲ್ಲ ಆರಿಸಿ ಡಬ್ಬಿಗೆ ಹಾಕಿ, ಮುಚ್ಚಳ ಮುಚ್ಚಿ, ನನ್ನ ಕಡೆ ತಳ್ಳಿ ಎದ್ದುಹೋದರು. ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನದ್ದೂ ಇಲ್ಲ. ಫೋನೆತ್ತಿದ ರೈಟರ್ ಪ್ರತಿ ಸಲವೂ, "ಯಜಮಾನ್ರು ಬರಾಕಿಲ್ಲ ಅಂದ್ರು" ಎಂದಷ್ಟೇ ಹೇಳುತ್ತಿದ್ದ. ಮೇಜಿನ ಒಂದು ಬದಿ ಖಾಲಿಯಾದ ಮೇಲೆ ಉಳಿದವರಿಗೆ ಆಡುವ ಮನಸ್ಸಾಗಲಿಲ್ಲ. ಇಣುಕಿದರೆ ಇಣುಕಲಿ, ಮನುಷ್ಯ ಇರಬೇಕಿತ್ತು ಎನಿಸಿ ನನಗೆ ನಿಜವಾಗಿ ದುಃಖವಾಯಿತು. ಒಂದು ಬೆಳಿಗ್ಗೆ ಕೆ.ಆರ್. ನಗರದ ಬಸ್ಸು ಹತ್ತಿದೆ.

ಮಿಲ್ಲು ಓಡುತ್ತಿತ್ತು. ಒಳಗೆ ಕಾಲಿಟ್ಟ ಕೂಡಲೇ ನನ್ನ ಕಿವಿಗಳು ಕೈಬಿಟ್ಟವು. ಭತ್ತ ಸುಲಿಯುವ ಹಲ್ಲರಿನ ಅಬ್ಬರ, ಬೆಲ್ಟಿನ ಬಡಿತ, ಎದೆಯೊಳಗೂ ನಡುಕ, ಗಾಳಿಯೆಲ್ಲ ಹೊಟ್ಟಿನ ಧೂಳು. ಆ ಸದ್ದಿನಲ್ಲಿ ಕೆಲಸದವರು ಮಾತ್ರ ಅಂಗಳದಲ್ಲಿ ಕೂತವರಂತೆ ಹರಟುತ್ತಿದ್ದರು. ಮೇಲಿನ ಅಟ್ಟಣೆಯಿಂದ ಒಬ್ಬ ತುಟಿ ಆಡಿಸಿದ, ಕೆಳಗಿನವಳು ನಕ್ಕು ಅವನಿಗೆ ಕೈ ಬೀಸಿ ಏನೋ ತಿರುಗಿಸಿ ಹೇಳಿದಳು. ಮುಷ್ಟಿ ತಿರುವಿದರೆ ನಿಲ್ಲಿಸು, ಅಂಗೈ ಮೇಲಕ್ಕೆತ್ತಿದರೆ ಇನ್ನಷ್ಟು ಸುರಿ. ಅವರೆಲ್ಲರ ನಡುವೆ ನಾನೊಬ್ಬಳೇ ಕಿವುಡಿ. "ಈ ಗದ್ದಲದಲ್ಲಿ ಮನುಷ್ಯರು ಹೇಗಾದರೂ ಇರುತ್ತಾರೋ" ಎಂದು ನನಗೆ ನಾನೇ ಗೊಣಗಿದೆ. ಆ ಗೊಣಗು ನನಗೇ ಕೇಳಿಸಲಿಲ್ಲ. ಆದರೆ ಆಚೆ ತುದಿಯಲ್ಲಿ ಮೂಟೆಗಳ ಬಳಿ ನಿಂತಿದ್ದ ಗುರುಮಲ್ಲಣ್ಣ ನಗುತ್ತ ಕೈಯೆತ್ತಿ ಹತ್ತಿರ ಬಂದು, ಕಿವಿಗೆ ಬಾಯಿಟ್ಟು ಕೂಗಿದರು. "ರೂಢಿ ಆಗೋಯ್ತದೆ ಕಣಕ್ಕ!"

ಆಫೀಸಿನ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದರು. ಸದ್ದು ಅಡಗಿತು. ಮುಖ ಕೊಟ್ಟು ಹೇಳಲು ಸಂಕೋಚವಾಗಿ, ಕಿಟಕಿಯಾಚೆ ಹರವಿದ್ದ ಭತ್ತ ನೋಡುತ್ತ, "ತಮ್ಮಯ್ಯನ ಮಾತು ಮನಸ್ಸಿಗೆ ಹಚ್ಚಿಕೊಳ್ಳಬೇಡಿ" ಎಂದು ಶುರು ಮಾಡಿ, ಉದ್ದಕ್ಕೆ ಸಮಾಧಾನ ಹೇಳಿದೆ. ತಿರುಗಿದರೆ ಅವರು ನೆಮ್ಮದಿಯಾಗಿ ಫ್ಲಾಸ್ಕಿನಿಂದ ಲೋಟಕ್ಕೆ ಟೀ ಬಗ್ಗಿಸುತ್ತಿದ್ದರು. "ತಗಳಿ ಅಕ್ಕ. ಏನು ಸುಮ್ನೆ ನಿಂತ್ಬುಟ್ರಿ?"

ಲೋಟ ತೆಗೆದುಕೊಂಡೆ. ಅವರೆದುರು ಕೂತು ಕೇಳಿದೆ. "ಗುರುಮಲ್ಲಣ್ಣ, ಬಾಗಿಲ ಹಿಂದೆ ಹಾವಿದೆ ಅಂತ ನಿಮಗೆ ಹೇಗೆ ಗೊತ್ತಾಗುತ್ತಿತ್ತು?"

"ಹೆಂಗೆ ಅಂದ್ರೆ? ನೀವೇ ಹೇಳ್ತಿದ್ರಲ್ಲಕ್ಕ! ಬಲಕ್ಕೆ ಹಾವು, ಪೆಟ್ಗೇಲಿ ಮುಳ್ಳು ಅಂತ. ನೀವು ಅಷ್ಟು ಹೇಳುದ್ರೂ ಆ ಎರಡು ಅಲ್ಲಿಗೇ ಓಗಿ ಬೀಳೋವು. ಇವುಕ್ಕೇನು ಕಿವಿ ಕೇಳಾಕಿಲ್ವ ಅಂದ್ಕತಿದ್ದೆ. ಈಗ ನೀವೂ ಆ ಕ್ವಾಟೆ ಹಿಂದೆ ಕೂತ್ಕಂಡು ಏನೂ ಹೇಳಾಕಿಲ್ಲ, ನಂಗೆ ಬೇಕಂತ್ಲೇ ಹೇಳಾಕಿಲ್ಲ ಅನ್ನುಸ್ತು. ಅದ್ಕೇ ಬುಟ್ಬುಟ್ಟೆ."

ನಾನು ಟೀ ಲೋಟ ಕೆಳಗಿಟ್ಟೆ. ಉಸಿರು ಕೂಡ ಹೊರಬಿಡದೆ, ತುಟಿ ಮಾತ್ರ ಆಡಿಸಿ, ಭಾನುವಾರ ಬನ್ನಿ ಎಂದೆ.

"ಬತ್ತೀನಿ ಬುಡಿ, ಅದ್ಕ್ಯಾಕಂಗೆ ಕಿರುಚ್ತೀರ" ಎಂದರು.

"ನಾನು ದನಿಯೇ ತೆಗೆಯಲಿಲ್ಲ ಗುರುಮಲ್ಲಣ್ಣ."

ಅವರು ನನ್ನನ್ನು ನೋಡಿದರು, ಮುಚ್ಚಿದ ಬಾಗಿಲನ್ನು ನೋಡಿದರು. ತಂದೆಯ ಕಾಲದಿಂದ ಆ ಬಾಗಿಲಿನಾಚೆಯೇ ಬೆಳೆದವರು. ಅಲ್ಲಿ ದನಿಯಿಲ್ಲದ ಮಾತೇ ಮಾತು. ಕಿವಿ ಯಾವಾಗ ಸದ್ದಿಲ್ಲದೆ ಎದ್ದುಹೋಯಿತು ಎನ್ನುವುದು ಗೊತ್ತಾಗಲು ದಾರಿಯೇ ಇರಲಿಲ್ಲ. ಹೇಳಿದ್ದಕ್ಕೂ ಹೇಳದೆ ಉಳಿದದ್ದಕ್ಕೂ ಅವರ ಮಟ್ಟಿಗೆ ವ್ಯತ್ಯಾಸವಿರಲಿಲ್ಲ. ಮನೆಯಲ್ಲಿ ಹೆಂಡತಿ ಅಡುಗೆಮನೆಯಿಂದ ಕರೆದರೆ ಉತ್ತರ ಕೊಡುವುದಿಲ್ಲ ಎಂಬ ಜಗಳ ವರ್ಷಗಳಿಂದ ಇದೆ ಎಂದು ಆಮೇಲೆ ಹೇಳಿದರು. "ಅವ್ಳು ಕರದೇ ಇಲ್ಲ ಅಂತ ನಾನು ವಾದ ಮಾಡ್ತಿದ್ದೆ ಕಣಕ್ಕ" ಎನ್ನುವಾಗ ಆ ದೊಡ್ಡ ಗಂಟಲು ಮೊದಲ ಸಲ ಸಣ್ಣದಾಯಿತು. "ಎಷ್ಟು ದಿನದಿಂದ ಇಂಗೆ?" ಎಂದು ನನ್ನನ್ನೇ ಕೇಳಿದರು. ನನಗೆ ಏನು ಗೊತ್ತು? ಅವರನ್ನು ಕಳ್ಳರೆಂದುಕೊಂಡು ಕೂತಿದ್ದವಳು ನಾನು. ಅಷ್ಟರಲ್ಲಿ ಅವರೇ ನಗಲು ಶುರು ಮಾಡಿದರು. "ಅಂಗಾದ್ರೆ ಸುಧಮ್ಮಂಗೂ ತಮ್ಮಯ್ಯಂಗೂ ಕಿವಿ ನೆಟ್ಟಗದೆ!" ಎಂದು ತೊಡೆ ತಟ್ಟಿಕೊಂಡರು. ನಾನೂ ನಕ್ಕೆ. ಇಬ್ಬರ ಕಣ್ಣಲ್ಲೂ ನೀರಿತ್ತು, ಹೊಟ್ಟಿನ ಧೂಳಿನ ಮೇಲೆ ತಪ್ಪು ಹಾಕಿ ಒರೆಸಿಕೊಂಡೆವು.

ಭಾನುವಾರ ಗುರುಮಲ್ಲಣ್ಣ ಬಂದರು. ಕೋಟೆ ಕೊತ್ತಲದ ಪರದೆ ಅಟ್ಟಕ್ಕೆ ಹೋಗಿತ್ತು, ನಿಂತುಹೋದ ಮದುವೆಗಳ ಜೊತೆಗೆ. ನನ್ನಿಂದ ವಿಷಯ ತಿಳಿದಿದ್ದ ತಮ್ಮಯ್ಯ ಕ್ಷಮೆ ಕೇಳಲಿಲ್ಲ, ಒಂದು ಹಲಸಿನ ಹಣ್ಣು ಹೊತ್ತು ತಂದು ಅವರ ಮುಂದಿಟ್ಟು, ಪಕ್ಕದ ಕುರ್ಚಿ ಬಿಟ್ಟು ಎದುರಿಗೆ ಬಂದು ಕೂತ. ಸುಧಾ ಮುಂದಿನ ವಾರ ಅವರನ್ನು ಮೈಸೂರಿಗೆ ಕರೆದೊಯ್ದು ತಪಾಸಣೆ ಮಾಡಿಸಿ, ಕಿವಿಗೊಂದು ಯಂತ್ರ ಹಾಕಿಸಿ ಕರೆತಂದಳು. ಅದನ್ನು ಮಿಲ್ಲಿಗೆ ಹಾಕಿಕೊಂಡು ಹೋದರೆ ಇಡೀ ಮಿಲ್ಲು ತಲೆಯೊಳಗೇ ಬಂದು ಕೂರುತ್ತದಂತೆ. ಮನೆಗೆ ಮತ್ತು ಆಟಕ್ಕೆ ಮಾತ್ರ. ನಾವು ಮೂವರೂ ಮಿಲ್ಲಿನ ಕೈಮಾತು ಕಲಿತೆವು. ಮಲಗಿದ ಸರ್ಪದ ಪಕ್ಕದಲ್ಲಿ ಸದ್ದಿಲ್ಲದೆ ನುಸುಳಲು ಅದಕ್ಕಿಂತ ಒಳ್ಳೆಯ ಭಾಷೆ ಯಾವ ಸಾಮಗ್ರಿಯ ಅಂಗಡಿಯಲ್ಲೂ ಸಿಗುವುದಿಲ್ಲ.

ಉಳಿದದ್ದು ನನ್ನ ತುಟಿಯ ಸಮಸ್ಯೆ. ಈ ವಯಸ್ಸಿನಲ್ಲಿ ಬಾಯಿ ಮುಚ್ಚಿ ಓದುವುದನ್ನು ಕಲಿಯಲು ಕೂತೆ. ತುಟಿಗಳ ನಡುವೆ ಒಂದು ಲವಂಗ ಕಚ್ಚಿಕೊಂಡು ಅಭ್ಯಾಸ ಮಾಡಿದೆ. ಹಾಗೆ ಓದಿದ ಮೊದಲ ಕಾರ್ಡು ಸರಗೂರಿನ ಮದುವೆಯದು. ಅಚ್ಚಾದ ಮೇಲೆ ನೋಡಿದರೆ ವಧುವಿನ ಸೋದರಮಾವ ನಾಪತ್ತೆ. ಇಡೀ ಕಟ್ಟನ್ನು ಮತ್ತೆ ಅಚ್ಚು ಹಾಕಿಸಿ ಕೊಟ್ಟೆ. ಕೆಟ್ಟದ್ದು ದಂಡವಾಗಲಿಲ್ಲ. ನಮ್ಮ ಈಗಿನ ಪರದೆ ಅದರದ್ದೇ, ಸರಿಯಾಗಿ ಒಂದು ಗೇಣು. ಅಂದಿನಿಂದ ಪ್ರೂಫಿಗೆ ತುಟಿ, ಪರದೆಗೆ ಲವಂಗ ಎಂದು ಪಾಲು ಮಾಡಿಕೊಂಡಿದ್ದೇನೆ.

ಮೊನ್ನೆ ಭಾನುವಾರ ಮೂವರನ್ನೂ ಒಂದು ಹಾಳು ಗುಡಿಯ ಬಾಗಿಲಿಗೆ ತಂದು ನಿಲ್ಲಿಸಿದೆ. ಒಳಗೆ ವಾರವೆಲ್ಲ ಕೂತು ಹೆಣೆದ ಏಳು ಹೆಡೆಯ ಹಾವು. ನಕ್ಷೆಯ ಕಡೆ ಒಮ್ಮೆ ನೋಡಿ, ಲವಂಗ ಕಚ್ಚಿ, ತುಟಿ ಬಿಗಿದು, ಯಾವ ಗುಟ್ಟೂ ಹೊರಬೀಳದಂತೆ ಕೂತೆ. ಸುಧಾ ಬಾಗಿಲಿಗೆ ಕೈ ಚಾಚಿದಳು. ಗುರುಮಲ್ಲಣ್ಣ ನನ್ನ ಮುಖವನ್ನೇ ನೋಡುತ್ತಿದ್ದವರು ಮುಷ್ಟಿ ತಿರುವಿದರು.

"ನಿಲ್ಲವ್ವ, ಅಕ್ಕ ಬಾಯ್ ಮುಚ್ಚವ್ರೆ. ಒಳಗೆ ಏನೋ ದೊಡ್ಡದೇ ಅದೆ. ಎಲ್ರೂ ವಾಪಸ್ ನಡೀರಿ."

ಮೂವರೂ ಹಿಂದೆ ತಿರುಗಿ ಊರಿನ ಛತ್ರಕ್ಕೆ ಹೋಗಿ, ಶೆಟ್ಟಮ್ಮನ ಕೈಯಲ್ಲಿ ಊಟ ಮಾಡಿ ಮಲಗಿಬಿಟ್ಟರು. ಪರದೆಯ ಹಿಂದೆ ನಾನೂ ನನ್ನ ಹಾವೂ, ಅವರ ಆಗಮನಾಭಿಲಾಷಿಗಳಾಗಿ, ಕೂತೇ ಇದ್ದೆವು.